ಮನಸ್ಸಿಗೂ ಒಂದು ಮಾತೃಭಾಷೆ

ನಿಮಗೆ ಜ್ವರ ಬಂದಿದೆ ಎಂದುಕೊಳ್ಳಿ. ವೈದ್ಯರು ಥರ್ಮಾಮೀಟರ್ ಇಟ್ಟು ನೋಡುತ್ತಾರೆ. ಅದಕ್ಕೆ ಭಾಷೆಯ ಹಂಗಿಲ್ಲ. ಕನ್ನಡದವರ ಜ್ವರವನ್ನೂ ತಮಿಳರ ಜ್ವರವನ್ನೂ ಅದು ಒಂದೇ ಅಂಕಿಯಲ್ಲಿ ತೋರಿಸುತ್ತದೆ. ಆದರೆ ಮೂರು ವಾರದಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾರೊಡನೆಯೂ ಮಾತು ಬೇಡ ಎನಿಸುತ್ತಿದೆ. ಇದನ್ನು ಯಾವುದರಿಂದ ಅಳೆಯುವುದು? ಥೈರಾಯ್ಡ್‌ನಂತಹ ದೈಹಿಕ ಕಾರಣ ಇದೆಯೇ ಎಂದು ರಕ್ತಪರೀಕ್ಷೆ ಹೇಳಬಲ್ಲದು. ಖಿನ್ನತೆಯನ್ನು ಮಾತ್ರ ವೈದ್ಯರು ನಿಮ್ಮ ಮಾತು ಕೇಳಿ, ನಡವಳಿಕೆ ಗಮನಿಸಿಯೇ ಗುರುತಿಸಬೇಕು. ಆಪ್ತ ಸಮಾಲೋಚನೆಯಲ್ಲಂತೂ ಮಾತೇ ಮದ್ದು. ಹಾಗಾದರೆ ಆ ಮಾತು ಯಾವ ಭಾಷೆಯದು ಎಂಬುದು ಸಣ್ಣ ಪ್ರಶ್ನೆಯೇ?

ಎಷ್ಟು ಬಗೆಯ ಬೇಜಾರು!

ನಾವು ದಿನವೂ ಬಳಸುವ 'ಬೇಜಾರು' ಎಂಬ ಪದವನ್ನೇ ನೋಡಿ. ಪಾಠ ಹಿಡಿಸದಿದ್ದರೆ ಬೇಜಾರು. ಗೆಳೆಯ ಮಾತು ಬಿಟ್ಟರೆ ಬೇಜಾರು. ಮನೆಯಲ್ಲಿ ಸಾವಾದರೂ ಬೇಜಾರು. 'ಬೇಜಾರು ಮಾಡ್ಕೋಬೇಡಿ' ಎಂದರೆ ಕ್ಷಮೆ ಕೇಳಿದಂತೆ! 'ಯಾಕೋ ಬೇಜಾರು ಸಾರ್' ಎಂದವನ ದನಿ ಕೇಳಿ, ಇದು ಯಾವ ಬೇಜಾರು ಎಂದು ಹಿಡಿಯಲು ಕನ್ನಡ ಚೆನ್ನಾಗಿ ಗೊತ್ತಿರಬೇಕು. ಉರ್ದು ಮಾತನಾಡುವವರ 'ಘಬ್ರಾಹಟ್', ತಮಿಳರ 'ಪಡಪಡಪ್ಪು' ಕೂಡ ಹೀಗೆಯೇ. ಅವು ಎದೆಯ ಡವಡವವೂ ಹೌದು, ಮನಸ್ಸಿನ ಕಳವಳವೂ ಹೌದು. ಬರೀ 'ಎದೆಬಡಿತ' ಎಂದು ಭಾಷಾಂತರಿಸಿದರೆ ಹೃದಯದ ಪರೀಕ್ಷೆ ನಡೆದು, ಮನಸ್ಸಿನ ಮಾತು ಅಲ್ಲಿಗೇ ಉಳಿದುಬಿಡಬಹುದು.

ವಿಜ್ಞಾನಿಗಳಿಗೂ ಈ ತೊಡಕು ಗೊತ್ತು. ಆದ್ದರಿಂದ ಖಿನ್ನತೆಯ ಪ್ರಶ್ನಾವಳಿಯನ್ನು ಒಬ್ಬರು ಕನ್ನಡಕ್ಕೆ ತಂದರೆ, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಎರಡು ಇಂಗ್ಲಿಷ್ ಪಾಠಗಳು ತಾಳೆಯಾಗದಿದ್ದರೆ ಅನುವಾದವನ್ನು ತಿದ್ದಬೇಕು.

ಭದ್ರಾವತಿಯ ಒಂದು ಮನೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕೆಲಸ ಅರಸಿ ತಮಿಳು, ತೆಲುಗು, ಮಲಯಾಳಂ ನಾಡುಗಳಿಂದ ಜನ ಬಂದರು. ಕನ್ನಡ, ಉರ್ದು ಮಾತನಾಡುವವರು ಇದ್ದೇ ಇದ್ದರು. ಕಾಲಾನಂತರ ಕಾಗದ ಕಾರ್ಖಾನೆಯ ಯಂತ್ರಗಳು ನಿಂತವು. ಕೆಲಸ ಹೋದಾಗ ಸಂಬಳದ ಜೊತೆಗೆ ಮನೆಯ ನೆಮ್ಮದಿಯೂ ಹೋಗುತ್ತದೆ.

ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಾಯಿಗೆ ತಮಿಳು ಮಾತ್ರ ಸಲೀಸು. ಮಗಳು ಕನ್ನಡ ಶಾಲೆಯಲ್ಲಿ ಒಂಬತ್ತನೇ ತರಗತಿ. ಆಸ್ಪತ್ರೆಯಲ್ಲಿ ಮಗಳೇ ದುಭಾಷಿ. 'ಅಮ್ಮನಿಗೆ ನಿದ್ದೆ ಬರ್ತಿಲ್ಲ ಡಾಕ್ಟ್ರೇ' ಎನ್ನುತ್ತಾಳೆ. ಆದರೆ ತಾಯಿಯ ಎದೆಯಲ್ಲಿರುವುದು 'ಈ ಬದುಕೇ ಸಾಕಾಗಿದೆ' ಎಂಬ ಮಾತು. ಅದನ್ನು ಹೆತ್ತ ಮಗಳ ಮುಂದೆ ಹೇಗೆ ಆಡಿಯಾಳು? ಒಂದು ವೇಳೆ ಆಡಿದರೂ, ಆ ಮಗು ಅದನ್ನು ಯಾವ ಬಾಯಿಂದ ಕನ್ನಡಕ್ಕೆ ತಂದೀತು? ಮುಖ್ಯವಾದ ಮಾತು ಹೀಗೆ ವೈದ್ಯರಿಗೆ ತಲುಪದೆ ಹೋಗುತ್ತದೆ. ಅದಕ್ಕೇ ಮನೆಯ ಮಕ್ಕಳನ್ನು ದುಭಾಷಿ ಮಾಡಬಾರದು.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದಲ್ಲಿ ಲ್ಯಾಟಿನ್ ಅಮೆರಿಕ ಮೂಲದವರು 6 ಕೋಟಿಗೂ ಹೆಚ್ಚು. ಸ್ಪ್ಯಾನಿಷ್‌ನಲ್ಲಿ ಸಮಾಲೋಚನೆ ಮಾಡಬಲ್ಲ ಮನೋವಿಜ್ಞಾನಿಗಳು ಮಾತ್ರ ತೀರ ಕಡಿಮೆ. ಶ್ರೀಮಂತ ದೇಶದಲ್ಲೂ ಇದೇ ಕೊರತೆ.

ಆಗಿರುವುದು, ಆಗಬೇಕಾದದ್ದು

ಕರ್ನಾಟಕ ಈ ದಾರಿಯಲ್ಲಿ ಬಹಳ ಹಿಂದೆಯೇ ಹೆಜ್ಜೆ ಇಟ್ಟಿದೆ. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟು ಮನೋರೋಗ ಗುರುತಿಸುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ಕನ್ನಡದಲ್ಲಿ ಬರೆದರು. ಸುರೇಶ್ ಹೆಬ್ಳೀಕರ್ ನಿರ್ದೇಶನದ 'ಕಾಡಿನ ಬೆಂಕಿ' ಚಿತ್ರಕ್ಕೆ ಕಥೆ ಕೊಟ್ಟು, ಮನಸ್ಸಿನ ಕಾಯಿಲೆಯ ವಿಷಯವನ್ನು ಚಿತ್ರಮಂದಿರಕ್ಕೂ ತಂದರು. ಚಿಕಿತ್ಸೆಯ ಬಗ್ಗೆ ನಿರ್ಧರಿಸಲು ಬೇಕಾದ ಮಾಹಿತಿಯನ್ನು ವ್ಯಕ್ತಿಗೆ ಅರ್ಥವಾಗುವ ಸರಳ ಭಾಷೆಯಲ್ಲೇ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಹೇಳುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಉಚಿತ ದೂರವಾಣಿ 14416ರಲ್ಲಿ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಮಾತನಾಡಬಹುದು.

ಆದರೂ ಕೊರತೆ ದೊಡ್ಡದು. 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡ 10.6ರಷ್ಟು ಜನರಿಗೆ ಯಾವುದಾದರೊಂದು ಮನೋರೋಗವಿತ್ತು. ಬಹುತೇಕ ಕಾಯಿಲೆಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಜನರೇ ಸಾಲದಿರುವಾಗ ಭಾಷೆ ಬಲ್ಲವರು ಇನ್ನೂ ವಿರಳ. ಓದು, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲೇ ನಡೆಯುವುದರಿಂದ, ಕನ್ನಡದ ಮನೆಯಲ್ಲಿ ಬೆಳೆದ ಸಮಾಲೋಚಕರೂ ಕೆಲವೊಮ್ಮೆ ಕನ್ನಡದ ಪದಕ್ಕೆ ತಡಕಾಡುತ್ತಾರೆ. ಇದಕ್ಕೆ ದಾರಿ ಇದೆ: ತರಬೇತಿಯಲ್ಲಿ ಆಡುಭಾಷೆಗೂ ಜಾಗ ಕೊಡುವುದು, ಉರ್ದು, ತಮಿಳು, ಲಂಬಾಣಿ ಬಲ್ಲ ದಾದಿಯರನ್ನೂ ಆಶಾ ಕಾರ್ಯಕರ್ತೆಯರನ್ನೂ ಈ ಕೆಲಸಕ್ಕೆ ಸಿದ್ಧಗೊಳಿಸುವುದು, ಸುತ್ತಲಿನ ಭಾಷೆ ಬಲ್ಲ ಯುವಕ ಯುವತಿಯರು ಮನೋವಿಜ್ಞಾನ ಓದಲು ಮುಂದೆ ಬರುವುದು.

ನೀವೇನು ಮಾಡಬಹುದು?

ಮೊದಲನೆಯದು, ಸಮಾಲೋಚಕರ ಬಳಿ ಹೋದಾಗ 'ನನಗೆ ಕನ್ನಡದಲ್ಲೇ ಹೇಳಲು ಬರುವುದು' ಎನ್ನಲು ನಾಚಬೇಡಿ. ಎರಡನೆಯದು, ಗೆಳತಿಯೋ ಗೆಳೆಯನೋ 'ಬದುಕು ಸಾಕು' ಎಂದರೆ ಅದನ್ನು ಗುಟ್ಟಾಗಿಡಬೇಡಿ. ಸಮಾಧಾನವಾಗಿ ಕೇಳಿಸಿಕೊಳ್ಳಿ, ನಂಬುಗೆಯ ಹಿರಿಯರಿಗೆ ತಿಳಿಸಿ, 14416ಕ್ಕೆ ಕರೆ ಮಾಡಿ. ಮೂರನೆಯದು, ನಿಮ್ಮ ಮನೆಯಲ್ಲಿ ಎರಡು ಮೂರು ಭಾಷೆ ಆಡುತ್ತೀರಾ? ಅದನ್ನು ಮರೆಯಬೇಡಿ. ನಾಳೆ ನೀವು ವೈದ್ಯರೋ ದಾದಿಯೋ ಸಮಾಲೋಚಕರೋ ಆದಾಗ, ಭದ್ರಾವತಿಯ ಆ ತಾಯಿ ತನ್ನ ಮಾತನ್ನು ಮಗಳ ಬದಲು ನಿಮ್ಮ ಮುಂದೆ ಹೇಳಿಕೊಳ್ಳಬಹುದು.