ಹಾಲಿನಂಥ ಮದ್ದು, ಕಾಯುವ ಕಣ್ಣು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಲ್ಲೇ ಹೋದರೂ ಆಪರೇಷನ್ ಎಂದರೆ ಅಜ್ಜಿಯರು ನನ್ನನ್ನು ಕೇಳುವುದು ಒಂದೇ: "ಮತ್ತು ಕೊಟ್ಟಮೇಲೆ ತಿರುಗಿ ಏಳ್ತೀನೇನಪ್ಪ?"

ಮಕ್ಕಳೇ, ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲ್ ಎಂಬ ಮದ್ದು ಹಾಲಿನಷ್ಟು ಬಿಳುಪು. ಅದರಲ್ಲಿ ಸೋಯಾ ಎಣ್ಣೆ ಇರುತ್ತದೆ. ನಿಮಿಷದೊಳಗೆ ನಿದ್ದೆ ಬರಿಸುತ್ತದೆ. ಜೊತೆಗೆ ಉಸಿರನ್ನೂ ರಕ್ತದೊತ್ತಡವನ್ನೂ ತಗ್ಗಿಸುತ್ತದೆ. ಐಸಿಯುನಲ್ಲಿ ಹೆಚ್ಚು ಪ್ರಮಾಣದಲ್ಲಿ ದಿನಗಟ್ಟಲೆ ಕೊಟ್ಟಾಗ, ಬಲು ಅಪರೂಪಕ್ಕೆ, ರಕ್ತದಲ್ಲಿ ಆಮ್ಲ ಹೆಚ್ಚಿ ಸ್ನಾಯು, ಮೂತ್ರಪಿಂಡ, ಹೃದಯ ಕೆಟ್ಟು ಜೀವಕ್ಕೇ ಕುತ್ತು ಬರಬಹುದು.

2009ರಲ್ಲಿ ಅಮೆರಿಕದ ಗಾಯಕ ಮೈಕಲ್ ಜಾಕ್ಸನ್ ತೀರಿಕೊಂಡದ್ದು ಇದೇ ಮದ್ದಿನಿಂದ. ನಿದ್ದೆಗೆಂದು ಮನೆಯಲ್ಲೇ ಕೊಟ್ಟಿದ್ದರು. ಉಸಿರು, ನಾಡಿ ನೋಡುವ ಸರಿಯಾದ ಯಂತ್ರಗಳಿರಲಿಲ್ಲ.

ಆಪರೇಷನ್ ಕೋಣೆಯಲ್ಲಿ ಅರಿವಳಿಕೆ ವೈದ್ಯರು ಪಕ್ಕದಲ್ಲೇ ಇದ್ದು ಪ್ರತಿ ಉಸಿರನ್ನೂ ಗಮನಿಸುತ್ತಾರೆ. ಅಜ್ಜಿ, ನುಂಗುವ ಮಾತ್ರೆ, ಅಲರ್ಜಿ, ಹಿಂದಿನ ಆಪರೇಷನ್ ಎಲ್ಲವನ್ನೂ ಅವರಿಗೆ ಹೇಳಿ. ಬೆಳಿಗ್ಗೆ ಒಂದು ತುತ್ತು ಮುದ್ದೆ ತಿಂದಿದ್ದರೂ ಮುಚ್ಚಿಡಬೇಡಿ.