ನಡುವಿನ ನಟ್ಟಿಗೆ ಕೈ ಹಾಕದ ಕಸುಬು

ಲಿಫ್ಟ್ ಇಲ್ಲ, ಗಾಳಿಯ ಗನ್ ಇಲ್ಲ. ಒಂದು ಜಾಕ್, ಒಂದು ಸೆಟ್ ರಿಂಗ್ ಸ್ಪ್ಯಾನರ್, ಸುತ್ತಿಗೆ, ಸ್ಪ್ಯಾನರಿಗೆ ತೊಡಿಸಲು ಕಬ್ಬಿಣದ ಪೈಪು, ಬಾಟಲಿಯಲ್ಲಿ ಒಂದಿಷ್ಟು ಡೀಸೆಲ್. ನಮ್ಮ ತಾಲ್ಲೂಕು ಊರುಗಳ ಗ್ಯಾರೇಜುಗಳಲ್ಲಿ ಕಾರಿನ ಮುಂದಿನ ಶಾಕ್ ಅಬ್ಸಾರ್ಬರ್ ಇಳಿಸಲು ಇಷ್ಟೇ ಸಾಮಾನು. ಇಷ್ಟರಲ್ಲೇ ಕೆಲಸ ಸಾಗಿಸುವ ಮೆಕ್ಯಾನಿಕ್‌ಗಳ ಕೈಚಳಕವನ್ನು ಎಲ್ಲರೂ ಮೆಚ್ಚುತ್ತಾರೆ. ಅವರಲ್ಲಿ ಪಳಗಿದವರು ಎಲ್ಲಿ ಕೈ ತಡೆಯುತ್ತಾರೆ ಎಂಬುದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

1983ರ ಕೊನೆಯಲ್ಲಿ ಮಾರುತಿ 800 ಬರುವವರೆಗೆ ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಓಡುತ್ತಿದ್ದುದು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ. ಅಂಬಾಸಿಡರ್‌ನ ಮುಂಭಾಗದ ಭಾರ ಹೊರುತ್ತಿದ್ದುದು ಉದ್ದನೆಯ ಟಾರ್ಶನ್ ಬಾರ್. ಶಾಕ್ ಅಬ್ಸಾರ್ಬರ್ ಬೇರೆಯೇ ಇರುತ್ತಿತ್ತು. ಮಾರುತಿಯಲ್ಲಿ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬಕ್ಕೆ ಸೇರಿದವು. ಅದೇ ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ಏರ್ಪಾಡು 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳಲ್ಲಿ ಕಾಣಿಸಿಕೊಂಡಿತ್ತು. ಹಿಡಿಯುವ ಜಾಗವೂ ಕಡಿಮೆ, ಬಿಡಿಭಾಗಗಳೂ ಕಡಿಮೆ. ಹಾಗಾಗಿ ಸಣ್ಣ ಕಾರುಗಳಿಗೆಲ್ಲ ಅದೇ ಗಟ್ಟಿಯಾಯಿತು.

ಗುಂಡಿಯ ಹೊಡೆತ ತಿನ್ನುವುದು ಸ್ಪ್ರಿಂಗ್. ಹೊಡೆತ ತಿಂದ ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ಹಿಡಿಯುವುದು ಶಾಕ್ ಅಬ್ಸಾರ್ಬರ್. ಅದರೊಳಗಿನ ಪಿಸ್ಟನ್ ಸಣ್ಣ ತೂತುಗಳ ಮೂಲಕ ಎಣ್ಣೆಯನ್ನು ದೂಡುತ್ತದೆ, ಆ ತಿಣುಕಾಟದಲ್ಲಿ ಕುಣಿತವೆಲ್ಲ ಶಾಖವಾಗಿ ಹೋಗುತ್ತದೆ. ಸೀಲ್ ಸವೆದು ಎಣ್ಣೆ ಸೋರಿದರೆ ಬಾನೆಟ್ ಅದುಮಿ ಬಿಟ್ಟಾಗ ಗಾಡಿ ಮತ್ತೆ ಮತ್ತೆ ಜಿಗಿಯುತ್ತದೆ, ಟೈರು ಅಲ್ಲಲ್ಲಿ ತಗ್ಗುಬಿದ್ದು ಸವೆಯುತ್ತದೆ.

ಇಳಿಸುವ ಕೆಲಸ ಶುರುವಾಗುವುದು ಗಾಡಿ ನೆಲದ ಮೇಲಿರುವಾಗಲೇ. ಚಕ್ರದ ನಟ್ಟುಗಳನ್ನು ಮೊದಲು ಸಡಿಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಆಮೇಲೆ ಜಾಕ್. ಎತ್ತಿದ ಮೇಲೆ ಬಾಡಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಲೇಬೇಕು. ಬರೀ ಜಾಕನ್ನು ನಂಬಿ ಗಾಡಿಯಡಿ ನುಸುಳುವವರನ್ನು ಕಂಡರೆ ನನಗೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ಚಕ್ರ ಬಿಚ್ಚಿದರೆ ಸ್ಟ್ರಟ್ಟಿನ ಬುಡದಲ್ಲಿ ಎರಡು ದಪ್ಪ ಬೋಲ್ಟು ಕಾಣುತ್ತವೆ. ಬ್ರೇಕ್ ಹೋಸನ್ನು ಅದರ ಕ್ಲಿಪ್ಪಿನಿಂದ ಬಿಡಿಸಿ, ಬೋಲ್ಟುಗಳು ಕೂತ ಜಾಗಕ್ಕೆ ಗುರುತು ಹಾಕಿಕೊಳ್ಳಬೇಕು. ನಮ್ಮ ಮಳೆ, ಕೆಸರಿಗೆ ಅವು ತುಕ್ಕು ಹಿಡಿದೇ ಇರುತ್ತವೆ. ಡೀಸೆಲ್ ಸುರಿದು ನೆನೆಯಲು ಬಿಡುವ ತಾಳ್ಮೆ ಇಲ್ಲಿ ಪೈಪಿನ ಬಲಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಬೋಲ್ಟು ಹೊರಬಂದೊಡನೆ ಹಬ್ ಹೊರಕ್ಕೆ ವಾಲುತ್ತದೆ. ಅದನ್ನು ತಂತಿಯಿಂದ ಕಟ್ಟದಿದ್ದರೆ ಭಾರವೆಲ್ಲ ಬ್ರೇಕ್ ಹೋಸಿನ ಮೇಲೆ, ಆಕ್ಸಲ್ ಜಾಯಿಂಟಿನ ಮೇಲೆ ಬೀಳುತ್ತದೆ.

ಇನ್ನು ಮೇಲುಗಡೆ. ಬಾನೆಟ್ ಎತ್ತಿದರೆ ಸ್ಟ್ರಟ್ಟಿನ ತಲೆಯ ಸುತ್ತ, ಗಾಡಿಗೆ ತಕ್ಕಂತೆ, ಎರಡೋ ಮೂರೋ ನಟ್ಟು. ಸರಿಯಾಗಿ ನಡುವೆ ಇನ್ನೊಂದು. ಸುತ್ತಲಿನವು ಕಂಬವನ್ನು ಬಾಡಿಗೆ ಹಿಡಿದಿರುತ್ತವೆ. ಅವನ್ನು ಬಿಚ್ಚಿ, ಒಂದು ಕೈ ಕೆಳಗೆ ಕೊಟ್ಟರೆ ಇಡೀ ಕಂಬ ಸ್ಪ್ರಿಂಗ್ ಸಮೇತ ಹೊರಬರುತ್ತದೆ. ನಡುವಿನ ನಟ್ಟು ಮಾತ್ರ ಅದುಮಿಟ್ಟ ಸ್ಪ್ರಿಂಗಿನ ಬಾಗಿಲಿನ ಚಿಲಕ. ಅದನ್ನು ತೆಗೆದರೆ ಸ್ಪ್ರಿಂಗ್ ಸಿಡಿಯುತ್ತದೆ. ಕೈ ಮುರಿಯಬಹುದು, ಮುಖಕ್ಕೆ ಬಡಿಯಬಹುದು, ಜೀವವೇ ಹೋಗಬಹುದು.

ಹಾಗಾಗಿ ವಿಶೇಷ ಸಾಧನವಿಲ್ಲದೆ ಮಾಡುವ ಕೆಲಸ ಕಂಬ ಹೊರಬಂದಲ್ಲಿಗೆ ಮುಗಿಯಿತು. ಸ್ಪ್ರಿಂಗನ್ನು ಹಗ್ಗ, ತಂತಿ, ಸರಪಳಿ ಬಿಗಿದು ಬಿಚ್ಚುವವರಿದ್ದಾರೆ. ಎಷ್ಟು ಸಲ ಗೆದ್ದರೂ ಅದನ್ನು ಜಾಣತನವೆಂದು ನಾನು ಒಪ್ಪಲಾರೆ. ತಿಳಿದ ಮೆಕ್ಯಾನಿಕ್ ಕಂಬವನ್ನು ಸ್ಕೂಟರಿನ ಮೇಲಿಟ್ಟುಕೊಂಡು ಸ್ಪ್ರಿಂಗ್ ಕಂಪ್ರೆಸರ್ ಇರುವ ಗ್ಯಾರೇಜಿಗೆ ಹೋಗುತ್ತಾನೆ. ಅಲ್ಲಿ ಎರಡೂ ಬದಿಯ ತಿರುಪುಗಳನ್ನು ಸಮನಾಗಿ ಬಿಗಿಯುತ್ತ ಬಂದು, ಮೇಲೆ ಸ್ಪ್ರಿಂಗನ್ನು ಅದುಮಿ ಹಿಡಿದ ತಟ್ಟೆಯಿಂದ ಒತ್ತಡ ಬಿಟ್ಟು ಸ್ಪ್ರಿಂಗ್ ಕೈಗೆ ಅಲುಗಾಡತೊಡಗಿದ ಮೇಲೆಯೇ ನಡುವಿನ ನಟ್ಟಿಗೆ ಸ್ಪ್ಯಾನರ್.

ಒಂದೇ ಸೋರುತ್ತಿದ್ದರೂ ಮುಂದಿನ ಎರಡನ್ನೂ ಒಟ್ಟಿಗೇ ಬದಲಿಸುವುದು ರೂಢಿ. ಇಲ್ಲದಿದ್ದರೆ ಬ್ರೇಕ್ ಹಾಕಿದಾಗ, ತಿರುವಿನಲ್ಲಿ, ಎಡ ಬಲ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ. ಹಾಕಿದ ಗುರುತು ಎಷ್ಟೇ ಸರಿಯಾಗಿ ಕೂತರೂ ಚಕ್ರದ ವಾಲು ಕೊಂಚ ಬದಲಾಗಿರುತ್ತದೆ, ಆದ್ದರಿಂದ ಗಾಡಿ ಗ್ಯಾರೇಜಿನಿಂದ ನೇರ ಹೋಗಬೇಕಾದ್ದು ಅಲೈನ್‌ಮೆಂಟ್ ಅಂಗಡಿಗೆ.