ನೀರು ಬೇಡ, ಮಾತ್ರೆ ನುಂಗೋದೂ ಬೇಡ: ನಾಲಿಗೆ ಮೇಲೆ ಕರಗುವ ಔಷಧಿ

ಮಳೆ ಬಿದ್ದ ಬೆಳಗ್ಗೆ ಒದ್ದೆ ಹೊಗೆಸೊಪ್ಪು ಕಿತ್ತರೆ ತಲೆಸುತ್ತು, ವಾಂತಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಲಗಳಲ್ಲಿ ದುಡಿಯುವವರು ಬಲ್ಲ ಸಂಕಟ ಇದು. ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈ ಸೇರುತ್ತದೆ.

ವಾಂತಿ ಆಗುತ್ತಿರುವಾಗ ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ. ಇಂಥ ಹೊತ್ತಿಗೆ ಇನ್ನೊಂದು ದಾರಿ ಇದೆ: ಬಾಯಲ್ಲಿ ಕರಗುವ ಫಿಲ್ಮ್.

ನೋಡಿ, ಅಂಚೆಚೀಟಿಯಷ್ಟೇ ಇರುವ ತೆಳ್ಳನೆಯ ಹಾಳೆ. ನೀರಲ್ಲಿ ಕರಗುವ ಪಾಲಿಮರ್‌ಗೆ ಔಷಧಿ ಬೆರೆಸಿ, ತೆಳ್ಳಗೆ ಹರಡಿ, ಒಣಗಿಸಿ ಕತ್ತರಿಸುತ್ತಾರೆ. ನಾಲಿಗೆ ಮೇಲಿಟ್ಟರೆ ಸಾಕು, ಎಂಜಲಲ್ಲೇ ಸೆಕೆಂಡುಗಳಲ್ಲಿ ಕರಗುತ್ತದೆ. ಕ್ಯಾನ್ಸರ್ ಚಿಕಿತ್ಸೆ ವೇಳೆಯ ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಫಿಲ್ಮ್‌ಗೆ ಅಮೆರಿಕದಲ್ಲಿ 2010ರಲ್ಲೇ ಅನುಮತಿ ಸಿಕ್ಕಿತು.

ಮಾತ್ರೆ ನುಂಗಲಾಗದ ವಯಸ್ಸಾದವರಿಗೂ ಇದು ಅನುಕೂಲ. ಆದರೆ ಮಿತಿ ಇದೆ. ಇಷ್ಟು ಸಣ್ಣ ಹಾಳೆಯಲ್ಲಿ ಹೆಚ್ಚು ಔಷಧಿ ಹಿಡಿಸುವುದಿಲ್ಲ. ತೇವ ತಾಗಿದರೆ ಕೆಡುತ್ತದೆ. ಹಾಗಾಗಿ ಒಣಗಿದ ಕೈಯಲ್ಲೇ ಪೊಟ್ಟಣ ಬಿಚ್ಚಿ.

ಸೊಪ್ಪು ಕೀಳುವಾಗ ವಾಂತಿ ಬಂತೇ? ಮೊದಲು ಒದ್ದೆ ಬಟ್ಟೆ ಬದಲಿಸಿ, ಸೋಪು ಹಚ್ಚಿ ಮೈ ತೊಳೆದು, ಆಸ್ಪತ್ರೆಗೆ ಹೋಗಿ. ಮಾತ್ರೆ ನುಂಗಲು ಆಗದಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ನಿಮಗೆ ಬೇಕಾದ ಔಷಧಿ ಫಿಲ್ಮ್ ರೂಪದಲ್ಲಿ ಸಿಗುತ್ತದೆಯೇ ಎಂದು ಕೇಳಿ.